ಸಲಹೆ ಬರೆಯುವ ಮುನ್ನ ಕಲ್ಲಿನ ಬುಡ ನೋಡಿ: ದುರ್ಗ, ದಾವಣಗೆರೆ ಸೀಮೆಯ ಪರಂಪರೆ ಸಭೆಗಳ ಅನುಭವ

ಸ್ಥಳೀಯ ಪರಂಪರೆಯನ್ನು ಉಳಿಸುವುದು ಹೇಗೆ, ನಾಲ್ಕು ಜನಕ್ಕೆ ತಿಳಿಯುವಂತೆ ಮಾಡುವುದು ಹೇಗೆ ಎಂದು ಸಾರ್ವಜನಿಕರನ್ನು ಕೇಳುವ ಸಭೆಗಳು ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳಲ್ಲಿ ಬೇರೆ ಬೇರೆ ಹೆಸರಿನಲ್ಲಿ ನಡೆಯುತ್ತವೆ. ಶಾಸನ, ಹೊಂಡ, ಹಟ್ಟಿಗಳ ಆಚರಣೆ ದಾಖಲಿಸುವ ಕೆಲಸದಲ್ಲಿರುವ ನಾವು ಕೆಲವರು ಇಂಥ ಸಭೆಗಳಿಗೆ ಹೋಗಿ, ಸಲಹೆ ಬರೆದುಕೊಟ್ಟು, ಅದು ಏನಾಯಿತೆಂದು ಬೆನ್ನು ಹತ್ತುತ್ತ ಬಂದಿದ್ದೇವೆ. ಸಭೆಯಲ್ಲಿ ಚೆನ್ನಾಗಿ ಮಾತಾಡಿದವರ ಊರಿಗೆ ಏನೂ ಸಿಗದೆ, ಒಂದು ಪುಟದ ಅರ್ಜಿ ಕೊಟ್ಟು ಸುಮ್ಮನೆ ಕೂತವರ ಊರಿನ ಕಲ್ಲು ಪಟ್ಟಿಗೆ ಸೇರಿದ್ದನ್ನು ಮತ್ತೆ ಮತ್ತೆ ಕಂಡಿದ್ದೇವೆ. ಆ ಒಂದು ಪುಟದಲ್ಲಿ ಏನಿರಬೇಕು, ಅದನ್ನು ತಯಾರು ಮಾಡುವುದು ಹೇಗೆ ಎಂಬುದೇ ಇಲ್ಲಿನ ವಿಷಯ.

ಮೊದಲು ತಿಳಿಯಬೇಕಾದದ್ದು, ಕರೆದಿರುವ ಸಭೆ ಯಾವ ಕಾಯ್ದೆಯ ಕೆಳಗಿನದು ಎಂಬುದು. ಎಲ್ಲವೂ ಒಂದೇ ಥರ ಕಾಣುತ್ತವೆ: ಶಾಮಿಯಾನ, ಮೈಕು, ಹಾಜರಿ ಪುಸ್ತಕ. ಆದರೆ ತೀರ್ಮಾನ ಮಾಡುವ ಕಚೇರಿ ಬೇರೆ, ಗಡುವು ಬೇರೆ. ಚಿತ್ರದುರ್ಗದ ಕೋಟೆ, ಸಂತೇಬೆನ್ನೂರಿನ ಪುಷ್ಕರಣಿ, ಹರಿಹರದ ಹರಿಹರೇಶ್ವರ ಗುಡಿ ಕೇಂದ್ರ ಸರ್ಕಾರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ ಒಳಪಟ್ಟವು. ಇಂಥ ಸ್ಮಾರಕದ ಸುತ್ತ ಏನು ಕಟ್ಟಬಹುದು, ಎಷ್ಟು ಎತ್ತರ ಕಟ್ಟಬಹುದು ಎಂದು ಹೇಳುವ ಪರಂಪರೆ ಉಪವಿಧಿಗಳ ಕರಡನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಪ್ರಕಟಿಸುತ್ತದೆ. ಆಕ್ಷೇಪಣೆ, ಸಲಹೆ ಕೊಡಲು 30 ದಿನ. ಹೊಸದಾಗಿ ಒಂದು ಜಾಗವನ್ನು ರಾಷ್ಟ್ರೀಯ ಮಹತ್ವದ ಸ್ಮಾರಕವೆಂದು ಘೋಷಿಸುವುದಾದರೆ ಎರಡು ತಿಂಗಳ ನೋಟಿಸು, ಅದರ ಪ್ರತಿಯನ್ನು ಆ ಜಾಗದಲ್ಲೇ ಕಾಣುವಂತೆ ಅಂಟಿಸಬೇಕು. ರಾಜ್ಯದ ರಕ್ಷಣೆಗೆ 1961ರ ಕರ್ನಾಟಕದ ಕಾಯ್ದೆ ಇದೆ, ಅದರ ಕೆಲಸ ಮೈಸೂರಿನಲ್ಲಿ ಕೇಂದ್ರ ಕಚೇರಿ ಇರುವ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯದು. ನಗರದ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡಾದರೆ ನಗರಾಭಿವೃದ್ಧಿ ಪ್ರಾಧಿಕಾರ, ಅಲ್ಲಿ 60 ದಿನ. ಇನ್ನು ಗ್ರಾಮಸಭೆ. ಅದಕ್ಕೆ ಯಾರ ಅಧಿಸೂಚನೆಯನ್ನೂ ಕಾಯಬೇಕಿಲ್ಲ. ಒಂದು ಕಚೇರಿಗೆ ಹೋಗಬೇಕಾದ ಕಾಗದ ಇನ್ನೊಂದಕ್ಕೆ ಹೋದರೆ ಅದನ್ನು ಸಂಬಂಧಪಟ್ಟವರಿಗೆ ವರ್ಗಾಯಿಸುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಒಳ್ಳೆಯ ಸಲಹೆಗಳು ಬಿದ್ದುಹೋಗುವುದು ಹೆಚ್ಚಾಗಿ ಹೀಗೇ.

ಕೇಂದ್ರದ ಕರಡುಗಳು ಹೆಚ್ಚಾಗಿ ಇಂಗ್ಲಿಷು, ಹಿಂದಿಯಲ್ಲಿ ಬರುತ್ತವೆ. ಹಾಗಾಗಿ ಗಡುವಿನ ಮೊದಲ ವಾರದಲ್ಲೇ ಎರಡು ಪುಟದ ಕನ್ನಡ ಸಾರಾಂಶ ಮಾಡಿ ಸ್ಮಾರಕದ ಸುತ್ತಲಿನ ಬೀದಿಗಳಲ್ಲಿ ಹಂಚುವುದು ಒಳ್ಳೆಯದು. ಅದರಲ್ಲಿ ಇರಲೇಬೇಕಾದ ಸಂಗತಿ ದೂರದ ಲೆಕ್ಕ. 2010ರ ತಿದ್ದುಪಡಿಯಂತೆ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರು ನಿಯಂತ್ರಿತ ಪ್ರದೇಶ. ಅಳತೆ ಶುರುವಾಗುವುದು ಗೋಪುರದಿಂದಲೋ ಕೋಟೆಗೋಡೆಯಿಂದಲೋ ಎಂದು ಜನ ತಿಳಿದಿರುತ್ತಾರೆ. ಅದು ಸಂರಕ್ಷಿತ ಪ್ರದೇಶದ ಗಡಿಯಿಂದ ಶುರುವಾಗುತ್ತದೆ. ಏಳು ಸುತ್ತಿನ ಕೋಟೆಯಂಥ ಜಾಗದಲ್ಲಿ ಈ ವ್ಯತ್ಯಾಸದಿಂದ ಇಡೀ ಒಂದು ಬೀದಿ ಒಳಗೋ ಹೊರಗೋ ಆಗಬಹುದು. ಆದ್ದರಿಂದ ಕರಡಿನ ನಕ್ಷೆಯಲ್ಲಿ ಗಡಿ ಎಲ್ಲಿ ಎಳೆದಿದ್ದಾರೆ, ಯಾವ ಸರ್ವೆ ನಂಬರು ಕೊಟ್ಟಿದ್ದಾರೆ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಬೇಕು.

ಕೋಟೆ ಬುಡದ ಹಳೇ ಬೀದಿಗಳಲ್ಲಿ ಇದನ್ನು ಹೇಳಿದರೆ ಮೊದಲು ಬರುವ ಮಾತು, "ಹಂಗಾರೆ ನಮ್ಮನಿ ಸೂರು ಸೋರಿದ್ರೂ ಮುಟ್ಟಂಗಿಲ್ವಾ ಸಾರ್?" ಈ ಭಯಕ್ಕೆ ಉತ್ತರ ಕೊಡದೆ ಪರಂಪರೆಯ ಮಾತಾಡಿದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಕಾಯ್ದೆ ಹೇಳುವುದು ಇಷ್ಟು: ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡ ಕಟ್ಟುವಂತಿಲ್ಲ. ಇರುವ ಮನೆಯ ದುರಸ್ತಿ, ನವೀಕರಣಕ್ಕೆ ಅನುಮತಿ ಪಡೆದು ಮಾಡಬಹುದು. ಚರಂಡಿ, ಸಾರ್ವಜನಿಕ ಶೌಚಾಲಯ, ಕುಡಿಯುವ ನೀರಿನ ಕೊಳವೆ, ವಿದ್ಯುತ್ ಪೂರೈಕೆಯ ಕೆಲಸ ಕಾಯ್ದೆ ಹೇಳುವ "ನಿರ್ಮಾಣ"ದ ವ್ಯಾಖ್ಯೆಯೊಳಗೆ ಬರುವುದೇ ಇಲ್ಲ. ನಿಷೇಧಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟಿದರೆ, ಇಲ್ಲವೇ ನಿಯಂತ್ರಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದಿಷ್ಟನ್ನು ಬಿಡಿಸಿ ಹೇಳಿದ ಮೇಲೆ ಅದೇ ಮನೆಯವರಿಂದ ಉಪಯುಕ್ತ ಸಲಹೆಗಳು ಬರುತ್ತವೆ. ಎಷ್ಟು ಎತ್ತರದವರೆಗೆ ಬೇಕು, ಮುಂಭಾಗದ ಕಲ್ಲಿನ ಜಗುಲಿ ಉಳಿಸಿಕೊಂಡು ಹಿಂದೆ ಕೋಣೆ ಹಾಕಲು ಬಿಡುತ್ತೀರಾ, ದುರಸ್ತಿ ಅರ್ಜಿ ಎಷ್ಟು ದಿನದಲ್ಲಿ ಇತ್ಯರ್ಥ ಮಾಡುತ್ತೀರಿ: ಇವೆಲ್ಲ ಉಪವಿಧಿಯಲ್ಲಿ ಬರೆಸಬೇಕಾದ ಮಾತುಗಳೇ.

ಕೋಟೆಯ ವಿಷಯದಲ್ಲಿ ನಾವು ಒತ್ತಿ ಹೇಳುತ್ತ ಬಂದಿರುವುದು ನೀರಿನ ದಾರಿಯನ್ನು. ಬೆಟ್ಟದ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಮತ್ತೂ ಕೆಳಗೆ ಊರೊಳಗಿನ ಸಂತೆ ಹೊಂಡಕ್ಕೆ ಹರಿಯುವ ಏರ್ಪಾಡು ಅದು. ಪಟ್ಟಿ ಮಾಡುವವರು ಹೊಂಡಗಳನ್ನು ಒಂದೊಂದಾಗಿ ಬರೆದುಕೊಳ್ಳುತ್ತಾರೆ, ನಡುವಿನ ಕಾಲುವೆಯನ್ನು ಬರೆಯುವುದಿಲ್ಲ. ಹೊಂಡಕ್ಕೆ ಬೇಲಿ, ದೀಪ, ಬಣ್ಣ ಎಲ್ಲ ಬಂದು, ಒಳಹರಿವಿನ ಜಾಗದಲ್ಲಿ ರಸ್ತೆಯೋ ಮನೆಯೋ ಎದ್ದರೆ ಹೊಂಡಕ್ಕೆ ಮಳೆನೀರು ಬರುವುದು ನಿಂತು, ಚರಂಡಿ ನೀರು ಬರಲು ಶುರುವಾಗುತ್ತದೆ. ಮೇಲಿನ ಭಾಗ ಒಂದು ಇಲಾಖೆಯದು, ಕೆಳಗಿನದು ನಗರಸಭೆಯದು. ಇಬ್ಬರ ಕಡತದಲ್ಲೂ ಕಾಲುವೆ ಇರುವುದಿಲ್ಲ. ಹಾಗಾಗಿ ಹೊಂಡದ ಬಗ್ಗೆ ಸಲಹೆ ಕೊಡುವವರು ಒಳಹರಿವು, ಕೋಡಿ, ನಡುವಿನ ಕಾಲುವೆಯ ಉದ್ದಗಲ, ಅದು ಈಗ ಎಲ್ಲಿ ಮುಚ್ಚಿದೆ ಎಂಬುದನ್ನು ನಡೆದು ನೋಡಿ, ಕೈಯಲ್ಲೇ ಒಂದು ನಕ್ಷೆ ಬರೆದು ಲಗತ್ತಿಸಬೇಕು. ನೋಡಲು ಸರಿಯಾದ ಹೊತ್ತು ಮಳೆ ಬಿದ್ದ ಮರುದಿನ. ನೀರು ಎಲ್ಲಿ ತಿರುಗಿಕೊಂಡಿದೆ ಎಂಬುದು ಆಗ ಕಣ್ಣಿಗೇ ಕಾಣುತ್ತದೆ.

ಕೋಟೆಗೆ ಹೇಗೋ ಕಾಯ್ದೆಯ ಆಸರೆ ಇದೆ. ಆಸರೆ ಇಲ್ಲದವು ಹಳ್ಳಿಯ ಅಂಚಿನ ವೀರಗಲ್ಲು, ಸಹಗಮನ ಮಾಡಿದ ಹೆಂಗಸರ ನೆನಪಿನ ಮಾಸ್ತಿಗಲ್ಲು, ಊರು ಕಟ್ಟುವಾಗ ಊರ ನಡುವೆ ನೆಟ್ಟ ಕರುಗಲ್ಲು, ದಾನಭೂಮಿಯ ಗಡಿಗೆ ನೆಟ್ಟ ಲಿಂಗಮುದ್ರೆ ಕಲ್ಲು. ಸಭೆಗಳಲ್ಲಿ ಇವುಗಳ ಹೆಸರು ಬರುವುದೇ ಅಪರೂಪ, ಬಂದರೂ "ನಮ್ಮೂರಲ್ಲಿ ಹಳೇ ಕಲ್ಲುಗಳು ಬೇಕಾದಷ್ಟಿವೆ" ಎಂಬಲ್ಲಿಗೆ ಮುಗಿಯುತ್ತದೆ. ಆ ವಾಕ್ಯದಿಂದ ಕಚೇರಿಯವರು ಏನೂ ಮಾಡಲಾಗದು.

ಒಂದು ವೀರಗಲ್ಲನ್ನೇ ತೆಗೆದುಕೊಳ್ಳೋಣ. ಸಾಮಾನ್ಯವಾಗಿ ಅದರಲ್ಲಿ ಮೂರು ಅಂಕಣ. ಮೇಲೆ ಸೂರ್ಯ ಚಂದ್ರ, ಲಿಂಗ, ಪೂಜೆಗೆ ಕೂತ ವೀರ. ನಡುವೆ ಅವನನ್ನು ಎರಡೂ ಕಡೆ ಹಿಡಿದು ಮೇಲಕ್ಕೊಯ್ಯುವ ಅಪ್ಸರೆಯರು. ಕೆಳಗೆ ಅವನು ಸತ್ತ ಕಾಳಗ. ಅಂಕಣಗಳ ನಡುವಿನ ಪಟ್ಟಿಯಲ್ಲಿ ಬರಹ. ಮೇಲಿನ ಎರಡು ಅಂಕಣ ಕಲ್ಲಿಂದ ಕಲ್ಲಿಗೆ ಹೆಚ್ಚು ಬದಲಾಗುವುದಿಲ್ಲ. ಅವನು ಯಾಕೆ ಸತ್ತ ಎಂಬುದು ಇರುವುದು ಕೆಳಗಿನದರಲ್ಲಿ: ದನಗಳು ಕೆತ್ತಿದ್ದರೆ ತುರುಗಾಳಗ (ದನಗಳಿಗಾಗಿ ನಡೆದ ಕಾಳಗ), ಹುಲಿ ಇದ್ದರೆ ಬೇಟೆ, ಕುದುರೆ ಆನೆ ಇದ್ದರೆ ದೊಡ್ಡ ಯುದ್ಧ. ಮಣ್ಣಿನಲ್ಲಿ ಹೂತಿರುವುದೂ ಇದೇ ಅಂಕಣ. ಊರವರು ಭಕ್ತಿಯಿಂದ ಕಲ್ಲಿನ ಸುತ್ತ ಸಿಮೆಂಟು ಕಟ್ಟೆ ಕಟ್ಟಿಸಿದರೆ ಆ ಭಾಗ ಮತ್ತೆ ಯಾರಿಗೂ ಕಾಣದು. ಆದ್ದರಿಂದ ಬುಡದ ಸ್ಥಿತಿಯನ್ನು ದಾಖಲಿಸದೆ ವೀರಗಲ್ಲಿನ ವಿವರ ಬರೆಯಬಾರದು. ನೆಲದ ಮೇಲೆ ಎಷ್ಟು ಕಾಣುತ್ತದೆ, ಕೆಳಗಿನ ಅಂಕಣ ಎಷ್ಟು ಮುಚ್ಚಿದೆ, ಮುಚ್ಚಿರುವುದು ಮಣ್ಣೋ ಕಾಂಕ್ರೀಟೋ, ಇಷ್ಟನ್ನೂ ಹೇಳಬೇಕು. ನಾವೇ ಅಗೆದು ನೋಡುವ ಕೆಲಸ ಮಾತ್ರ ಬೇಡ. ನಿಧಿಗೆ ಅಗೆದರೆಂಬ ಅನುಮಾನ ಬರುತ್ತದೆ, ಕಲ್ಲು ವಾಲಿ ಬೀಳುವುದೂ ಉಂಟು.

ಜೊತೆಗೆ ಒಯ್ಯಬೇಕಾದ ಸಾಮಾನು ಕಡಿಮೆ: ಅಳತೆ ಟೇಪು, ಮೆತ್ತನೆಯ ಬ್ರಷ್ಷು, ನೀರು, ಒಂದು ಕೈಗನ್ನಡಿ. ಮಧ್ಯಾಹ್ನದ ನೆತ್ತಿ ಬಿಸಿಲಲ್ಲಿ ಸವೆದ ಅಕ್ಷರ ಕಾಣುವುದಿಲ್ಲ. ಬೆಳಿಗ್ಗೆಯ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ, ಇಲ್ಲವೇ ಕನ್ನಡಿಯಿಂದ ಬದಿಯಿಂದ ಬೆಳಕು ಹಾಯಿಸಿದಾಗ ಎದ್ದು ಕಾಣುತ್ತದೆ. ತಂತಿ ಬ್ರಷ್ಷು, ಆಸಿಡ್ಡು ತಾಗಿಸಕೂಡದು. ಅಕ್ಷರದ ಮೇಲೆ ಸೀಮೆಸುಣ್ಣ ಬಳಿದು ಫೋಟೊ ತೆಗೆಯುವ ಅಭ್ಯಾಸ ಎಲ್ಲ ಕಡೆ ಇದೆ, ಅದೂ ಬೇಡ. ಬಳಿಯುವವನು ತನಗೆ ಕಂಡ ಅಕ್ಷರವನ್ನು ಬರೆದಿರುತ್ತಾನೆ, ಓದುವವನಿಗೆ ಆಮೇಲೆ ಆ ಗೀಟೇ ಕಾಣುತ್ತದೆ. ಫೋಟೊ ನಾಲ್ಕು ಇದ್ದರೆ ಸಾಕು: ಎದುರಿಂದ ಅಳತೆಪಟ್ಟಿ ಇಟ್ಟು ಒಂದು, ಬುಡದ್ದೊಂದು, ಬರಹದ್ದೊಂದು, ಸುತ್ತಲಿನ ಮನೆ ಮರ ಕಾಣುವಂತೆ ದೂರದಿಂದ ಒಂದು.

ಬರಹವಿದ್ದರೆ ಅದು ಈಗಾಗಲೇ ಪ್ರಕಟವಾಗಿದೆಯೇ ಎಂದು ನೋಡಬೇಕು. ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಪುಟಗಳ ಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ಹಳೆಯ ಚಿತ್ರದುರ್ಗ ಜಿಲ್ಲೆಯದು, ದಾವಣಗೆರೆ ತಾಲ್ಲೂಕು ಅದರಲ್ಲೇ ಇದೆ. ಆದರೆ ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಅವುಗಳ ಶಾಸನ 7ನೇ ಸಂಪುಟದಲ್ಲಿವೆ. ಇದು ಗೊತ್ತಿಲ್ಲದೆ 11ನೇ ಸಂಪುಟ ಮಾತ್ರ ತಿರುವಿ ಚನ್ನಗಿರಿ ಕಡೆಯ ಶಾಸನವನ್ನು "ಅಪ್ರಕಟಿತ" ಎಂದು ಬರೆದುಕೊಟ್ಟ ಅರ್ಜಿಗಳಿವೆ. ಪ್ರಕಟವಾಗಿದ್ದರೆ ತಾಲ್ಲೂಕಿನ ಹೆಸರಿನ ಜೊತೆ ಶಾಸನದ ಸಂಖ್ಯೆ ಬರೆದರೆ ಸಾಕು, ಅಧಿಕಾರಿಗೆ ಕಲ್ಲಿನ ಕಾಲ, ವಿಷಯ ತಿಳಿಯುತ್ತದೆ. ಸಂಪುಟದಲ್ಲಿದ್ದು ಊರಿನಲ್ಲಿ ಈಗ ಇಲ್ಲದ ಕಲ್ಲುಗಳನ್ನೂ ಬರೆಯಬೇಕು. ಕಾಣೆಯಾದವುಗಳ ಪಟ್ಟಿ ಮಾಡುವ ಅವಕಾಶ ಇಂಥ ಸಮಾಲೋಚನೆ ಬಿಟ್ಟರೆ ಬೇರೆ ಇಲ್ಲ.

ಆಮೇಲೆ ಜಾಗದ ದಾಖಲೆ. ನಮ್ಮ ಅನುಭವದಲ್ಲಿ ಸಲಹೆಯ ಹಣೆಬರಹ ನಿರ್ಧಾರವಾಗುವುದು ಇಲ್ಲಿ. "ಕೆರೆ ಏರಿಯ ಹತ್ತಿರ, ದೊಡ್ಡ ಆಲದ ಮರದ ಬಳಿ" ಎಂದು ಬರೆದ ಅರ್ಜಿಗೆ "ಸ್ಥಳ ನಿಖರವಾಗಿಲ್ಲ" ಎಂಬ ಹಿಂಬರಹ ಬರುತ್ತದೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದು ಕಲ್ಲಿನ ಪಕ್ಕ ನಿಂತರೆ ಸರ್ವೆ ನಂಬರು ಸಿಗುತ್ತದೆ. ಆದರೆ ಎರಡು ಜಮೀನಿನ ಬದುವಿನಲ್ಲಿರುವ ಕಲ್ಲಿಗೆ ಅದನ್ನೇ ನಂಬಬಾರದು. ಕೆಲವು ಮೀಟರು ಆಚೀಚೆ ಆದರೂ ಪಕ್ಕದವರ ಪಹಣಿಗೆ ಹೋಗಿ ಬೀಳುತ್ತದೆ, ಅವರು ತಕರಾರು ತೆಗೆಯುತ್ತಾರೆ. ಗ್ರಾಮ ನಕ್ಷೆ, ಪಹಣಿ ಎರಡನ್ನೂ ಹೋಲಿಸಿ ಗ್ರಾಮ ಆಡಳಿತಾಧಿಕಾರಿಯನ್ನು ಕೇಳಬೇಕು. ಅನುಮಾನ ಉಳಿದರೆ ಹದ್ದುಬಸ್ತಿಗೆ, ಅಂದರೆ ಸರ್ವೆಯವರಿಂದ ಗಡಿ ಅಳೆಸಲು, ಅರ್ಜಿ ಹಾಕಬೇಕು. ಬಾವಿ, ಕಲ್ಯಾಣಿ, ದಾರಿ ಹೆಚ್ಚಾಗಿ "ಬಿ" ಖರಾಬಿನಲ್ಲಿರುತ್ತವೆ, ಅಂದರೆ ಸಾರ್ವಜನಿಕ ಬಳಕೆಯ ಜಾಗ. ಹಾಗಿದ್ದರೆ ಅರ್ಜಿಯಲ್ಲಿ ಅದನ್ನು ಎದ್ದು ಕಾಣುವಂತೆ ಬರೆಯಬೇಕು, ಅರ್ಧ ತೊಡಕು ಅಲ್ಲೇ ಕಳೆಯುತ್ತದೆ. ಖಾಸಗಿ ಹೊಲದಲ್ಲಿದ್ದರೆ ಹೊಲದವರ ಜೊತೆ ಮೊದಲೇ ಮಾತಾಡಿ. ಹೆಸರು ಪಟ್ಟಿಗೆ ಹೋದ ಮೇಲೆ ಪತ್ರಿಕೆಯಲ್ಲಿ ಓದಿ ತಿಳಿದ ರೈತ, ಜಮೀನು ಹೋಗುತ್ತದೆಂದು ಹೆದರಿ ಕಲ್ಲನ್ನೇ ಸಾಗಿಸಿಬಿಡಬಹುದು.

ಒಂಟಿಗುಡಿ, ಕಾಡೊಳಗಿನ ನಂದಿ, ಲಿಂಗಗಳ ವಿಷಯದಲ್ಲಿ ಎರಡು ಪಟ್ಟಿ ಮಾಡುವುದು ಒಳ್ಳೆಯದು. ಕಚೇರಿಗೆ ಕೊಡುವ ಪ್ರತಿಯಲ್ಲಿ ಜಾಗದ ವಿವರ ಪೂರ್ತಿ ಇರಲಿ. ಸಭೆಯಲ್ಲಿ ಹಂಚುವ ಪ್ರತಿಯಲ್ಲಿ ಊರಿನ ಹೆಸರು ಮಾತ್ರ. ಈ ಸೀಮೆಯಲ್ಲಿ ನಿಧಿಗಳ್ಳರ ಕಾಟ ಎಲ್ಲರಿಗೂ ಗೊತ್ತಿರುವುದೇ.

ಕಲ್ಲಿನ ಲೆಕ್ಕ ಹೀಗಾದರೆ, ಆಚರಣೆಯ ಲೆಕ್ಕ ಬೇರೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ದನಕುರಿ ಸಾಕುವ ಮ್ಯಾಸಬೇಡ, ಕಾಡುಗೊಲ್ಲ ಸಮುದಾಯಗಳ ಹಟ್ಟಿಗಳಲ್ಲಿ ಗುಡಿಕಟ್ಟು (ಒಂದು ದೇವರಿಗೆ ನಡೆದುಕೊಳ್ಳುವವರ ಕೂಟ), ದೇವರ ಎತ್ತು, ಸೋಬಾನೆ ಪದ ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ಹೊರಗಿನವರು ಬರೆಯುವ ಸಲಹೆ ಸಾಮಾನ್ಯವಾಗಿ ಒಂದು ಉತ್ಸವ, ಒಂದು ಕಮಾನು, ಒಂದು ಸಾಕ್ಷ್ಯಚಿತ್ರ. ಹಟ್ಟಿಯಲ್ಲಿ ಕೂತು ಕೇಳಿದರೆ ಬರುವ ಬೇಡಿಕೆ ಮೇವು, ನೀರು, ದನ ಮೇಯುವ ಕಾವಲಿನ ಹುಲ್ಲು, ದನ ಹೋಗುವ ದಾರಿ. ದೇವರ ಎತ್ತನ್ನು ಉಳುಮೆಗೆ ಹೂಡುವುದಿಲ್ಲ, ಮಾರುವುದಿಲ್ಲ. ಅವನ್ನು ಕಾಯುವ ಕಿಲಾರಿಗಳು ಹಿಂಡಿನ ಜೊತೆಗೇ ಇರುತ್ತಾರೆ. ಬೇಸಿಗೆಯಲ್ಲಿ ಮೇವು ಸಿಗದಿದ್ದರೆ ಹಿಂಡು ಕರಗುತ್ತದೆ, ಹಿಂಡು ಕರಗಿದ ಮೇಲೆ ಅದರ ಸುತ್ತಲಿನ ಹಬ್ಬ, ಹಾಡು ನಡೆಯುವುದು ಹೇಗೆ? ಪರಂಪರೆಯ ಪಟ್ಟಿಯಲ್ಲಿ ಹುಲ್ಲುಗಾವಲಿನ ಸರ್ವೆ ನಂಬರು ಬರಬೇಕೆಂದು ನಾವು ಹಟ ಹಿಡಿಯುವುದು ಇದಕ್ಕೇ.

ಹಟ್ಟಿಗೆ ಹೋಗುವಾಗ ಗೌಡರಿಗೂ ಪೂಜಾರರಿಗೂ ಮೊದಲೇ ಹೇಳಿ ಕಳಿಸಬೇಕು. ಗುಡಿಯ ಬಳಿ ಚಪ್ಪಲಿ ಎಲ್ಲಿ ಬಿಡಬೇಕು, ಯಾವುದರ ಫೋಟೊ ತೆಗೆಯಬಾರದು ಎಂದು ಅವರೇ ಹೇಳುತ್ತಾರೆ. ಪದ ಹಾಡುವ ಅಜ್ಜಿಯರ ಹಾಡನ್ನು ಧ್ವನಿಮುದ್ರಿಸುವುದಾದರೆ ಎಲ್ಲಿ ಇಡುತ್ತೇವೆ, ಯಾರು ಕೇಳುತ್ತಾರೆ ಎಂದು ಮೊದಲು ತಿಳಿಸಿ ಒಪ್ಪಿಗೆ ಪಡೆಯಬೇಕು. ಕೆಲವು ಪದಗಳನ್ನು ಆ ಹೊತ್ತಿಗಲ್ಲದೆ ಹಾಡುವುದಿಲ್ಲ. "ಈಗ ಬ್ಯಾಡಪ್ಪ" ಎಂದರೆ ಅಲ್ಲಿಗೆ ನಿಲ್ಲಿಸಬೇಕು.

ಸಭೆಯ ದಿನಾಂಕದ ಬಗ್ಗೆಯೂ ಒಂದು ಮಾತು. ಶೇಂಗಾ ಬಿತ್ತನೆ ಹೊತ್ತಿನಲ್ಲಿ, ಊರಿನ ಸಂತೆ ದಿನ, ಜಾತ್ರೆ ದಿನ ಸಭೆ ಇಟ್ಟರೆ ಬರುವವರು ಭಾಷಣ ಮಾಡುವವರು ಮಾತ್ರ. ನೋಟಿಸು ಬಂದ ತಕ್ಷಣ ದಿನ ಬದಲಿಸಲು ಲಿಖಿತವಾಗಿ ಕೇಳಬಹುದು, ಕೇಳಿದರೆ ಬದಲಾಯಿಸಿದ ಉದಾಹರಣೆಗಳಿವೆ. ಹೆಂಗಸರು ಮೈಕಿನ ಮುಂದೆ ಬರುವುದು ಕಡಿಮೆ. ಆದರೆ ಬಾವಿಯ ಒರತೆ, ಕಲ್ಯಾಣಿಯ ಮೆಟ್ಟಿಲು, ಬನ್ನಿಮರದ ಪೂಜೆ ಇವುಗಳ ಬಗ್ಗೆ ಬಲ್ಲವರು ಅವರೇ. ಸಭೆಗೆ ಮೊದಲೇ ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಕೂತು ಕೇಳಿ ಬರೆದು, ಓದಿ ತೋರಿಸಿ, ಅವರದೇ ಸಹಿಯಲ್ಲಿ ಕೊಟ್ಟ ಅರ್ಜಿಗಳು ಹೆಚ್ಚು ಗಟ್ಟಿಯಾಗಿದ್ದವು.

ದಾವಣಗೆರೆ ನಗರದ ಮಟ್ಟಿಗೆ ಪಟ್ಟಿಗಳಲ್ಲಿ ಕಾಣದಿರುವುದು ದುಡಿಮೆಯ ಜಾಗಗಳು: ಹತ್ತಿ ಗಿರಣಿಯ ಕಟ್ಟಡ, ಮಂಡಕ್ಕಿ ಭಟ್ಟಿ, ನಾಟಕ ಕಂಪನಿಗಳು ಕ್ಯಾಂಪು ಹಾಕುತ್ತಿದ್ದ ಬಯಲು. ಇವಕ್ಕೆ ಪುರಾತತ್ವ ಕಾಯ್ದೆ ದಾರಿಯಲ್ಲ, ಮಹಾಯೋಜನೆಯ 60 ದಿನಗಳೇ ದಾರಿ.

ಇನ್ನು ಸಲಹೆಯ ಕಾಗದ. ಒಂದು ಜಾಗಕ್ಕೆ ಒಂದು ಹಾಳೆ. ನಾವು ಬರೆಯುವ ಕ್ರಮ ಹೀಗಿದೆ: "ಕರಡಿನ ಇಂಥ ಪುಟದ ಇಂಥ ಖಂಡಿಕೆಯಲ್ಲಿ ಹೀಗಿದೆ. ಸ್ಥಳದಲ್ಲಿ ಇರುವುದು ಹೀಗೆ. ಆದ್ದರಿಂದ ಆ ವಾಕ್ಯವನ್ನು ಹೀಗೆ ತಿದ್ದಬೇಕು. ಲಗತ್ತು: ನಾಲ್ಕು ಫೋಟೊ, ಪಹಣಿ, ಕೈನಕ್ಷೆ." ಕರಡಿನಲ್ಲಿ ಆ ಜಾಗದ ಹೆಸರೇ ಇಲ್ಲದಿದ್ದರೆ ಯಾವ ಅನುಬಂಧಕ್ಕೆ ಸೇರಿಸಬೇಕೆಂದು ಹೇಳಬೇಕು. "ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಕೋರಿಕೆ" ಎಂದು ಮುಗಿಸಬಾರದು, ಸೂಕ್ತ ಕ್ರಮ ಯಾವುದೆಂದು ನಾವೇ ಬರೆಯಬೇಕು. ಒಂದೇ ಅರ್ಜಿಯ ನೂರು ಜೆರಾಕ್ಸಿಗೆ ನೂರು ಸಹಿ ಹಾಕಿಸಿ ಕೊಟ್ಟರೆ ಅದನ್ನು ಒಂದೇ ಸಲಹೆ ಎಂದು ಎಣಿಸುತ್ತಾರೆ.

ಜೀರ್ಣೋದ್ಧಾರದ ಬೇಡಿಕೆ ಇಡುವವರು ಏನು ಮಾಡಬೇಕು ಎನ್ನುವುದಕ್ಕಿಂತ ಏನು ಮಾಡಬಾರದು ಎಂಬುದನ್ನು ಒತ್ತಿ ಬರೆಯಬೇಕು. ಸುಣ್ಣದ ಗಾರೆಯ ಗೋಡೆ ಒಳಗಿನ ತೇವವನ್ನು ಹೊರಗೆ ಬಿಡುತ್ತದೆ. ಅದರ ಸಂದಿಗೆ ಸಿಮೆಂಟು ತುಂಬಿದರೆ ನೀರು ಒಳಗೇ ನಿಂತು, ಉಪ್ಪು ಬಿಟ್ಟು, ಸಿಮೆಂಟಿನ ಪಕ್ಕದ ಕಲ್ಲೇ ಪದರು ಪದರಾಗಿ ಉದುರುತ್ತದೆ. ಕಂಬದ ಸುಣ್ಣ ತೆಗೆಯಲು ಮರಳು ಊದುವ ಯಂತ್ರ ತಂದರೆ ಸುಣ್ಣದ ಜೊತೆಗೆ ಕೆತ್ತನೆಯ ಮೊನೆ, ಅಕ್ಷರದ ಅಂಚು ಹೋಗುತ್ತವೆ. ಎನಾಮೆಲ್ ಬಣ್ಣ, ನುಣುಪು ಟೈಲ್ಸು ಬೇಡ. ಕಲ್ಯಾಣಿಯ ಹೂಳೆತ್ತಲು ಜೆಸಿಬಿ ಇಳಿಸಿದರೆ ಮೆಟ್ಟಿಲ ಹಿಂದಿನ ತುಂಬು ಮಣ್ಣು ಅದುರಿ, ಮುಂದಿನ ಮಳೆಗೆ ಸಾಲು ಕುಸಿಯುತ್ತದೆ. ಕೈಯಿಂದಲೇ ತೆಗೆಸಬೇಕು. ಹೂಳನ್ನು ಹೊಲಕ್ಕೆ ಹೊಡೆಯುವ ಮುಂಚೆ ಒಂದು ಕಡೆ ಹರಡಿ ನೋಡಬೇಕು, ಮುರಿದ ವಿಗ್ರಹ, ಬರಹದ ತುಂಡು ಸಿಕ್ಕರೆ ತಹಶೀಲ್ದಾರರಿಗೆ ತಿಳಿಸಬೇಕು. ಕೆಲಸದ ಅಂದಾಜುಪಟ್ಟಿ ತಯಾರಾಗುವ ಮುನ್ನ ಈ ಷರತ್ತುಗಳು ಕಡತದಲ್ಲಿರಬೇಕು. ಟೆಂಡರಾದ ಮೇಲೆ ಹೇಳಿದರೆ "ಎಸ್ಟಿಮೇಟಿನಲ್ಲಿಲ್ಲ" ಎನ್ನುತ್ತಾರೆ, ಅದು ನಿಜವೂ ಹೌದು.

ಕಾಗದವನ್ನು ಎರಡು ಪ್ರತಿ ಮಾಡಿ ಟಪಾಲು ಶಾಖೆಯಲ್ಲಿ ಒಂದು ಕೊಟ್ಟು ಇನ್ನೊಂದಕ್ಕೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಬೇಕು. ದೆಹಲಿಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗಬೇಕಾದ್ದನ್ನು ಇಮೇಲು, ಅಂಚೆ ಎರಡರಲ್ಲೂ ಕಳಿಸಬೇಕು. ಸಭೆಯಲ್ಲಿ ಮಾತಾಡಿದ್ದರೆ ನಡಾವಳಿಯ ಪ್ರತಿ ಕೇಳಬೇಕು. ಒಂದು ಕಡೆ ಕಾಲುವೆ ಒತ್ತುವರಿಯ ಬಗ್ಗೆ ಬಹಳ ಹೊತ್ತು ಚರ್ಚೆಯಾಗಿ, ನಡಾವಳಿಯಲ್ಲಿ "ಸ್ವಚ್ಛತೆ ಕಾಪಾಡಲು ತಿಳಿಸಲಾಯಿತು" ಎಂದಷ್ಟೇ ಬಂದಿತ್ತು. ಲಿಖಿತ ಪ್ರತಿಯ ಸ್ವೀಕೃತಿ ಕೈಯಲ್ಲಿದ್ದುದರಿಂದ ಅದನ್ನು ಸೇರಿಸಲು ಸಾಧ್ಯವಾಯಿತು. ಉತ್ತರವೇ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ರಾಜ್ಯದ ಕಚೇರಿಗಳಿಗೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. "ಈ ಸಂಖ್ಯೆಯ ಸಲಹೆಯ ಮೇಲೆ ಬರೆದ ಕಡತದ ಟಿಪ್ಪಣಿ ಹಾಳೆಗಳ ಪ್ರತಿ" ಎಂದು ಕೇಳಿದರೆ ಸಲಹೆ ಯಾವ ಹಂತದಲ್ಲಿ, ಯಾವ ಕಾರಣಕ್ಕೆ ಬಿದ್ದಿತೆಂದು ತಿಳಿಯುತ್ತದೆ.

ಕೇಂದ್ರದ, ರಾಜ್ಯದ ಪಟ್ಟಿಗೆ ಸೇರದ ಕಲ್ಲು, ಬಾವಿಗಳಿಗೆ ಗ್ರಾಮಸಭೆ ಇದೆ. ಕೋರಂ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅದು. ಕೋರಂ ಇಲ್ಲದ ಸಭೆಯ ಠರಾವನ್ನು ಯಾರಾದರೂ ಪ್ರಶ್ನಿಸಿದರೆ ನಿಲ್ಲುವುದಿಲ್ಲ, ಆದ್ದರಿಂದ ಹಾಜರಿ ಎಣಿಸಿ ನೋಡಬೇಕು. ಠರಾವಿನಲ್ಲಿ ಕಲ್ಲಿನ ಸರ್ವೆ ನಂಬರು, ಅಳತೆ, ಫೋಟೊ ಸಂಖ್ಯೆ ಇರಲಿ, ಪಂಚಾಯಿತಿಯ ಆಸ್ತಿ ವಹಿಯಲ್ಲಿ ನಮೂದಾಗಲಿ. ರಸ್ತೆ ಅಗಲ ಮಾಡುವಾಗಲೋ ಚರಂಡಿ ತೋಡುವಾಗಲೋ ಗುತ್ತಿಗೆದಾರನ ಮುಂದೆ ಹಿಡಿಯಲು ಆ ನಮೂದಿನ ದೃಢೀಕೃತ ಪ್ರತಿಯೊಂದನ್ನು ಊರಲ್ಲೇ, ಶಾಲೆಯಲ್ಲೋ ಡೇರಿಯಲ್ಲೋ ಇಟ್ಟಿರಬೇಕು.